ಅಟ್ಟದ ಕೆಳಗಿನ ಕರೆಂಟು

ಹೊನ್ನವಳ್ಳಿ ಸೀಮೆಯ ಎಷ್ಟೋ ಹಳೆಯ ಮನೆಗಳಲ್ಲಿ ಅಡುಗೆಮನೆಗೆ ವೈರು ಎಳೆದದ್ದು 40 ವಾಟ್‌ನ ಒಂದು ಬಲ್ಬಿಗಾಗಿ. ಈಗ ಅದೇ ವೈರಿನ ಮೇಲೆ ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ಇಂಡಕ್ಷನ್ ಒಲೆ ಎಲ್ಲವೂ ಬಿದ್ದಿವೆ. 230 ವೋಲ್ಟಿನಲ್ಲಿ ಆ ಬಲ್ಬು ಎಳೆಯುತ್ತಿದ್ದುದು 0.17 ಆಂಪಿಯರ್, 2000 ವಾಟ್‌ನ ಒಲೆ ಎಳೆಯುವುದು 8.7. ಕರೆಂಟು ಹೆಚ್ಚಿದ್ದು 50 ಪಟ್ಟು. ವೈರಿನ ಬಿಸಿ ಮಾತ್ರ ಕರೆಂಟಿನ ವರ್ಗದಂತೆ ಏರುತ್ತದೆ: 2500 ಪಟ್ಟು!

ಈ ಬಿಸಿ ಮೊದಲು ಕಾಣಿಸಿಕೊಳ್ಳುವುದು ಸ್ಕ್ರೂ ಸಡಿಲವಾದ ಕಡೆ. ಪ್ಲಗ್ಗಿನ ತೂತಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ನಮ್ಮ ಕಡೆ ಇದನ್ನು ಉದಾಸೀನ ಮಾಡುವಂತೆಯೇ ಇಲ್ಲ. ತಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ಹಾಕಿದ ಕಾಯಿ ತಿಂಗಳುಗಟ್ಟಲೆ ಒಣಗುತ್ತಿರುತ್ತದೆ. ಒಣಗಿದ ಸಿಪ್ಪೆಗೆ ಒಂದು ಕಿಡಿ ಸಾಕು. ಇಲಿ ಕಡಿದ ವೈರು ಆ ರಾಶಿಯ ನಡುವೆಯೇ ಹಾದುಹೋಗಿದ್ದರಂತೂ ಕೇಳುವುದೇ ಬೇಡ.

ಹಾಗಾಗಿ ಒಲೆಗೆ, ಗೀಸರಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಬೇಕು: 2.5 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಪ್ಲಗ್ ಪಾಯಿಂಟ್, ಅದಕ್ಕೆ ತಕ್ಕ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವವರಿದ್ದಾರೆ. ಆಮೇಲೆ ಸುಡುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು.

ಆದರೆ ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿದವರ ಜೀವ ತೆಗೆಯಲು 0.1 ಆಂಪಿಯರ್ ಸಾಕು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಬಾರದು. ಆ ಲೆಕ್ಕ ಇಡುವುದು ಆರ್‌ಸಿಸಿಬಿ. ಅದರೊಳಗಿನ ಕಬ್ಬಿಣದ ಬಳೆಯ ಮೂಲಕ ಫೇಸು, ನ್ಯೂಟ್ರಲ್ ಎರಡೂ ಹಾದುಹೋಗುತ್ತವೆ. ಹೋದಷ್ಟು ಕರೆಂಟು ವಾಪಸು ಬಂದರೆ ಎರಡರ ಕಾಂತಬಲಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಮೈಯ ಮೂಲಕ ಒಂದಿಷ್ಟು ನೆಲಕ್ಕೆ ಸೋರಿತೆಂದರೆ ಬಳೆಯಲ್ಲಿ ಕಾಂತತ್ವ ಹುಟ್ಟಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗೆ ಹಾಕಿಸಬೇಕಾದ್ದು 30 ಮಿಲಿಆಂಪಿಯರಿನದು, ಅಂದರೆ 0.03 ಆಂಪಿಯರ್ ಸೋರುವಷ್ಟರಲ್ಲಿ ಕರೆಂಟು ಕಡಿದುಹೋಗುತ್ತದೆ. ಮಿಕ್ಸಿಯ ಬೆಲೆಗೆ ಸಿಗುವ ಈ ಪೆಟ್ಟಿಗೆಯಿಲ್ಲದ ಅಡುಗೆಮನೆ ಇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ತಕ್ಷಣ ಬೀಳಬೇಕು.

ಅರ್ಥಿಂಗ್ ಸರಿಯಿದ್ದರೆ ಕೈ ತಾಗುವ ಮೊದಲೇ ಆ ಸೋರಿಕೆ ನೆಲಕ್ಕಿಳಿದು ಆರ್‌ಸಿಸಿಬಿ ಬಿದ್ದಿರುತ್ತದೆ. ಆದರೆ ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಹರಿಯದು. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವಾಗ ಅರ್ಥಿಂಗ್ ಗುಂಡಿಗೂ ಎರಡು ಕೊಡ ಸುರಿಯಿರಿ.