ನಮ್ಮ ಗೇಟಿನ ಮುಂದೆ ಯಾರ ಗಾಡಿ?



ಕಳೆದ ಮಳೆಗಾಲದಲ್ಲಿ ನಾವು ಒಂದು ಸಂಘದ ವಾರದ ಸಭೆಗೆ ಹೋದಾಗ ಇಬ್ಬರು ಸದಸ್ಯೆಯರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಅವರಲ್ಲಿ ಒಬ್ಬರು ಮೂರು ವಾರದಿಂದ ಸಾಲದ ಕಂತೂ ಕಟ್ಟಿರಲಿಲ್ಲ. ವಿಚಾರಿಸಿದರೆ ಜಗಳ ಹಣದ್ದಲ್ಲ, ಗಾಡಿಯದ್ದು. ಸಂಘದ ಸಾಲದಿಂದ ತೆಗೆದ ಗೂಡ್ಸ್ ಆಟೋವನ್ನು ಇವರ ಗಂಡ ರಾತ್ರಿ ಹೊತ್ತು ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದರು. ಒಂದು ರಾತ್ರಿ ಆ ಮನೆಯ ಅಜ್ಜಿಗೆ ಎದೆನೋವು ಬಂತು. ಅಂಗಳದಲ್ಲಿದ್ದ ಕಾರು ಹೊರಗೆ ಬರುವ ಹಾಗಿರಲಿಲ್ಲ. ಆಟೋದವರನ್ನು ಎಬ್ಬಿಸಿ ಕೀ ಹುಡುಕುವಷ್ಟರಲ್ಲಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆವರೆಗೆ ಹೊತ್ತುಕೊಂಡೇ ಹೋದರು. ದೇವರ ದಯೆ, ಅಜ್ಜಿ ಉಳಿದರು. ಎರಡು ಮನೆಗಳ ಮಾತುಕತೆ ಮಾತ್ರ ನಿಂತಿತು.

"ರಸ್ತೆ ಸರಕಾರದ್ದು, ಎಲ್ಲಿ ಬೇಕಾದರೂ ನಿಲ್ಲಿಸ್ತೇವೆ" ಅಂತ ಇವರು. "ನಮ್ಮ ಮನೆ ಎದುರಿನ ಜಾಗ ನಮ್ಮದೇ" ಅಂತ ಅವರು. ಕಾನೂನು ಇಬ್ಬರ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ.

ರಸ್ತೆ ಸಾರ್ವಜನಿಕರದ್ದು ಅನ್ನುವುದು ನಿಜ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ಅತಿಯಾದ ತೊಂದರೆ ಆಗುವಂತೆ ಗಾಡಿ ನಿಲ್ಲಿಸುವುದು ತಪ್ಪು. ಮನೆ, ಶಾಲೆ, ಆಸ್ಪತ್ರೆಯ ಬಾಗಿಲಿಗೆ ಅಡ್ಡವಾಗಿ, ಫುಟ್‌ಪಾತ್ ಮೇಲೆ, ಬಸ್‌ಸ್ಟಾಪಿನಲ್ಲಿ, ತಿರುವಿನಲ್ಲಿ ನಿಲ್ಲಿಸಬಾರದು. ನಿಷೇಧವಿರುವ ಕಡೆ ನಿಲ್ಲಿಸಿದ ಗಾಡಿಯನ್ನು, ಅಥವಾ 10 ಗಂಟೆಗಿಂತ ಹೆಚ್ಚು ಹೊತ್ತು ಸಾರ್ವಜನಿಕ ಜಾಗದಲ್ಲಿ ಬಿಟ್ಟುಹೋದ ಗಾಡಿಯನ್ನು ಎಳೆದುಕೊಂಡು ಹೋಗಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬಹುದು (127ನೇ ಕಲಮು). ದಂಡವಲ್ಲದೆ ಎಳೆಸಿದ ಖರ್ಚೂ ಮಾಲೀಕರ ಮೇಲೆಯೇ. ನಾಲ್ಕು ದಿನದ ದುಡಿಮೆ ಹೋದ ಹಾಗೆ!

ಇನ್ನು ಗೇಟಿನವರ ಕಡೆ ನೋಡೋಣ. ನಮ್ಮ ಹಕ್ಕು ಇರುವುದು ಮನೆಯಿಂದ ಒಳಗೆ ಹೊರಗೆ ಹೋಗಿಬರುವ ದಾರಿಗೆ ಮಾತ್ರ. ಕಾಂಪೌಂಡಿನ ಹೊರಗಿನ ಉಳಿದ ರಸ್ತೆಯಲ್ಲಿ ಕಲ್ಲು, ಹೂಕುಂಡ ಇಟ್ಟು ಜಾಗ ಹಿಡಿಯುವ ಹಾಗಿಲ್ಲ. ನಾವೇ ಬರೆಸಿ ತೂಗುಹಾಕಿದ 'ನೋ ಪಾರ್ಕಿಂಗ್' ಬೋರ್ಡು ಸರಕಾರಿ ಬೋರ್ಡು ಆಗುವುದಿಲ್ಲ. ಸಿಟ್ಟಿನಲ್ಲಿ ಟೈರಿನ ಗಾಳಿ ತೆಗೆದರೆ, ಗಾಜು ಒಡೆದರೆ ಕೇಸು ನಮ್ಮ ಮೇಲೆಯೇ ಬರುತ್ತದೆ.

ಕಾರು ಹತ್ತಿಸಲು ರಸ್ತೆಗೆ ಚಾಚಿ ಹಾಕುವ ಸಿಮೆಂಟಿನ ಇಳಿಜಾರಿನ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಇದನ್ನು ಯಾರೂ ತಪ್ಪು ಅಂತಲೇ ತಿಳಿಯುವುದಿಲ್ಲ. ಮೇಲೆ ಹೇಳಿದ ಮನೆಯವರೂ ಚರಂಡಿ ಮುಚ್ಚಿ ಹೀಗೇ ಮಾಡಿದ್ದರು. ರಸ್ತೆ ಕಿರಿದಾಯಿತು, ಆಟೋ ನಿಲ್ಲಿಸಲು ಇದ್ದ ಬದಿ ಹೋಯಿತು, ಮಳೆನೀರು ಆಟೋದವರ ಅಡುಗೆಮನೆಗೇ ನುಗ್ಗಿತು. ಇದು ರಸ್ತೆ ಒತ್ತುವರಿ. ತೆಗೆಸುವ ಅಧಿಕಾರ ಹಳ್ಳಿಯಲ್ಲಿ ಗ್ರಾಮ ಪಂಚಾಯತಿಗೆ, ಪೇಟೆಯಲ್ಲಿ ಪುರಸಭೆ ಅಥವಾ ನಗರಸಭೆಗೆ ಇದೆ. ಚರಂಡಿ ದಾಟಲು ಬೇಕಾದರೆ ಅವರನ್ನೇ ಕೇಳಿ, ನೀರು ಹರಿಯುವಂತೆ, ಎತ್ತಿ ಹೂಳು ತೆಗೆಯಲು ಬರುವಂತೆ ಚಪ್ಪಡಿ ಹಾಕಿಸಿಕೊಳ್ಳಿ.

ತೊಂದರೆ ಬಂದಾಗ ಮೊದಲು ಗಾಡಿಯವರಿಗೇ ಹೇಳಿ. ಗಾಡಿ ಯಾರದ್ದೆಂದು ಗೊತ್ತಿಲ್ಲದೆ ತುರ್ತು ಬಂದರೆ 112ಕ್ಕೆ ಫೋನ್ ಮಾಡಬಹುದು. ದಿನಾ ಇದೇ ಗೋಳಾದರೆ ಗಾಡಿ ನಂಬರು, ತಾರೀಕು, ಫೋಟೋ ಇಟ್ಟು ಠಾಣೆಗೆ ಬರೆದು ಕೊಡಿ. ಒತ್ತುವರಿಯಾದರೆ ಪಿಡಿಒ ಅಥವಾ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಮರುದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ಇಡೀ ಬೀದಿಗೆ ಗಾಡಿ ನಿಲ್ಲಿಸುವ ಜಾಗ ಬೇಕಾದರೆ ವಾರ್ಡ್ ಸಭೆಯಲ್ಲಿ ಕೇಳಿ.

ತಪ್ಪು ನಮ್ಮದೂ ಇತ್ತು. ಆಟೋಗೆ ಸಾಲ ಕೊಡುವಾಗ ಕಂತು, ಜಾಮೀನು, ವಿಮೆ ಎಲ್ಲ ಕೇಳಿದ್ದೆವು. ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿರಲಿಲ್ಲ. ಈಗ ಆ ಆಟೋ ತಿರುವಿನಲ್ಲಿರುವ ಹಿಟ್ಟಿನ ಗಿರಣಿಯ ಅಂಗಳದಲ್ಲಿ ಸ್ವಲ್ಪ ಬಾಡಿಗೆಗೆ ನಿಲ್ಲುತ್ತದೆ. ಇಳಿಜಾರನ್ನು ಮನೆಯವರೇ ಒಡೆಸಿ ಚಪ್ಪಡಿ ಹಾಕಿಸಿದರು. ಬಾಕಿ ಮೂರು ಕಂತೂ ಬಂತು. ನಮ್ಮ ಸಾಲದ ಅರ್ಜಿಯಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ವಾಹನ ನಿಲ್ಲಿಸುವ ಜಾಗ ಯಾವುದು, ಅದು ಯಾರದ್ದು?