ಎರಡು ಲಿಪಿಗಳ ನಡುವೆ ಹದಿನೈದು ವರ್ಷ

ಫ್ರೆಂಚ್ ಚಿತ್ರಕಾರ ಯೂಜೆನ್ ದೆಲಕ್ರ್ವಾ ಗ್ರೀಸಿಗೆ ಒಮ್ಮೆಯೂ ಹೋದವನಲ್ಲ. ಆದರೆ 1822ರಲ್ಲಿ ಖಿಯೋಸ್ ದ್ವೀಪದಲ್ಲಿ ಆಟೊಮನ್ ಸೈನಿಕರು ನಡೆಸಿದ ಕಗ್ಗೊಲೆಯ ಸುದ್ದಿ ಪ್ಯಾರಿಸ್ ಮುಟ್ಟಿದಾಗ ಅವನಿಗೆ ಸುಮ್ಮನಿರಲಾಗಲಿಲ್ಲ. 1824ರಲ್ಲಿ ನಾಲ್ಕು ಮೀಟರಿಗೂ ಎತ್ತರದ ಚಿತ್ರವೊಂದನ್ನು ಜನರ ಮುಂದಿಟ್ಟ. ಅದು ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಮತ್ತೆ ಎರಡು ವರ್ಷಕ್ಕೆ, ಮುತ್ತಿಗೆಯಲ್ಲಿ ನೆಲಕಚ್ಚಿದ ಮೆಸೊಲೊಂಗಿ ಪಟ್ಟಣದ ಕಲ್ಲುಗಳ ಮೇಲೆ ಕೈಚಾಚಿದ ಹೆಣ್ಣಾಗಿ ಗ್ರೀಸ್ ದೇಶವನ್ನೇ ಬರೆದ. ಅಥೆನ್ಸಿನ ಅಯಿಯಾ ಪರಸ್ಕೆವಿ ಬಡಾವಣೆಯ ಫ್ರೆಂಚ್-ಗ್ರೀಕ್ ಲಿಸೆ (ಶಾಲೆ) ಇಂದು ಅವನ ಹೆಸರನ್ನು ಹೊತ್ತಿದೆ. ಮೂರು ವರ್ಷದ ಕೂಸು ಅಲ್ಲಿಯ ಶಿಶುವಿಹಾರಕ್ಕೆ ಸೇರಿದರೆ ಹದಿನೆಂಟು ತುಂಬುವ ಹೊತ್ತಿಗೆ ಪ್ರೌಢಶಿಕ್ಷಣ ಮುಗಿಸಿ ಹೊರಬರಬಹುದು.

ಇದು ಫ್ರೆಂಚ್ ಸರ್ಕಾರ 1990ರಲ್ಲಿ ಕಟ್ಟಿದ ವಿದೇಶಿ ಶಿಕ್ಷಣ ಸಂಸ್ಥೆಯ ಜಾಲಕ್ಕೆ ಸೇರಿದ ಶಾಲೆ. ಜಗತ್ತಿನಾದ್ಯಂತ ಆ ಜಾಲದಲ್ಲಿ ಸುಮಾರು 600 ಶಾಲೆಗಳಿವೆ. ನಮಗೆ ಹತ್ತಿರದ ಪುದುಚೇರಿಯಲ್ಲಿ 1826ರಿಂದ ನಡೆದುಬಂದಿರುವ ಫ್ರೆಂಚ್ ಲಿಸೆಯೂ ಅದರಲ್ಲೊಂದು. ಅಥೆನ್ಸಿನ ಶಾಲೆಯ ವಿಶೇಷವೆಂದರೆ, ಫ್ರೆಂಚ್ ವಿಭಾಗದ ಜೊತೆಗೆ ಗ್ರೀಕ್ ವಿಭಾಗವೂ ಒಂದೇ ಆವರಣದೊಳಗಿದೆ. ಎರಡು ದೇಶಗಳ ಶಿಕ್ಷಣ ಪದ್ಧತಿ ಒಂದೇ ಗೇಟಿನೊಳಗೆ ಬಾಳುವುದು ಎಷ್ಟು ಕಷ್ಟವೆಂಬುದು ಒಂದನೇ ತರಗತಿಯ ಬರವಣಿಗೆ ಪುಸ್ತಕ ತೆರೆದರೇ ತಿಳಿಯುತ್ತದೆ.

ರೋಮನ್ ಲಿಪಿಯ ‘ಪಿ’ ಅಕ್ಷರದ ಆಕಾರವನ್ನು ಗ್ರೀಕ್ ಪಾಠದಲ್ಲಿ ‘ರ’ ಎಂದು ಓದಬೇಕು. ದೊಡ್ಡಕ್ಷರದ ‘ಬಿ’ ಅಲ್ಲಿ ‘ವ’. ಸಣ್ಣಕ್ಷರದ ‘ವಿ’ಯಂತೆ ಕಾಣುವುದು ಅಲ್ಲಿ ‘ನ’. ‘ಎಚ್’ ಆಕಾರವಂತೂ ಗ್ರೀಕಿನಲ್ಲಿ ‘ಇ’ ಸ್ವರ. ಫ್ರೆಂಚಿನಲ್ಲಿ ಅದೇ ಗುರುತು ಪದದ ಮೊದಲಿಗೆ ಬಂದರೆ ಬಾಯಿಂದ ಹೊರಡುವುದೇ ಇಲ್ಲ. ಪೂರ್ತಿ ಬೇರೆ ರೂಪದ ಲಿಪಿಗಳಾಗಿದ್ದರೆ ಮಗುವಿಗೆ ಇಷ್ಟು ಗೊಂದಲವಿರುತ್ತಿರಲಿಲ್ಲ. ನಮ್ಮ ಮಕ್ಕಳು ಕನ್ನಡವನ್ನೂ ಇಂಗ್ಲಿಷನ್ನೂ ಒಟ್ಟಿಗೆ ಕಲಿಯುವಾಗ ‘ರ’ಕಾರವನ್ನು ‘ಪಿ’ ಎಂದು ಎಡವುವ ಪ್ರಶ್ನೆಯೇ ಏಳುವುದಿಲ್ಲ. ಅರ್ಧ ಹೋಲುವ ಲಿಪಿಗಳಲ್ಲಿ ಮಗುವಿನ ಕಣ್ಣು ಮೊದಲು ಇದು ಯಾವ ಭಾಷೆಯ ಪುಟ ಎಂದು ಗೊತ್ತುಮಾಡಿಕೊಂಡು ಆಮೇಲೆ ಓದಬೇಕು. ಆರು ವರ್ಷದ ಮಗು ಅದನ್ನು ಮಾಡುತ್ತದೆ ಎಂಬುದೇ ನನಗೆ ದೊಡ್ಡ ಬೆರಗು.

ಕಾಗುಣಿತದ ಕಷ್ಟ ಇನ್ನೊಂದು ಬಗೆಯದು. ಕನ್ನಡದಲ್ಲಿ ಕೇಳಿದ್ದನ್ನು ಹೆಚ್ಚುಕಡಿಮೆ ಕೇಳಿದ ಹಾಗೆ ಬರೆಯಬಹುದು. ಇಂದಿನ ಗ್ರೀಕಿನಲ್ಲಿ ಒಂದೇ ‘ಇ’ ಧ್ವನಿಯನ್ನು ಐದಾರು ಬಗೆಯಲ್ಲಿ ಬರೆಯುತ್ತಾರೆ. ಎಲ್ಲಿ ಯಾವುದು ಎನ್ನುವುದು ಪದದ ಹಳೆಯ ರೂಪವನ್ನು ಅವಲಂಬಿಸಿದೆ. ಫ್ರೆಂಚಿನ ‘ಓ’ ಧ್ವನಿಗೂ ಒಂದೇ ಅಕ್ಷರವಿಲ್ಲ. ಪದಾಂತ್ಯದಲ್ಲಿ ಬರೆದೂ ಹೇಳದೆ ಬಿಡುವ ಅಕ್ಷರಗಳಿಗಂತೂ ಲೆಕ್ಕವಿಲ್ಲ. ಆದ್ದರಿಂದಲೇ ಎರಡೂ ದೇಶದ ಶಾಲೆಗಳಲ್ಲಿ ಉಕ್ತಲೇಖನಕ್ಕೆ ಬಹಳ ಹಳೆಯ ಗೌರವವಿದೆ. ಗ್ರೀಸಿನಲ್ಲಿ 1982ರಲ್ಲಿ ಹಲವು ಬಗೆಯ ಸ್ವರಾಘಾತ ಚಿಹ್ನೆಗಳನ್ನು ಕೈಬಿಟ್ಟು ಒಂದೇ ಚಿಹ್ನೆ ಉಳಿಸಿಕೊಂಡ ಮೇಲೆ ಮಕ್ಕಳ ಹೊರೆ ಒಂದಿಷ್ಟು ಇಳಿದಿದೆ.

ತರಗತಿಗಳ ಎಣಿಕೆಯನ್ನು ನೋಡಿ. ಗ್ರೀಸಿನಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ, ಅದರ ಮೇಲೆ ಮೂರು ವರ್ಷದ ಗಿಮ್ನಾಸಿಯೊ, ಮತ್ತೆ ಮೂರು ವರ್ಷದ ಲಿಕಿಯೊ. ಫ್ರಾನ್ಸಿನಲ್ಲಿ ಶಿಶುವಿಹಾರ ಮೂರು, ಪ್ರಾಥಮಿಕ ಐದು, ಕೊಲೇಜ್ ನಾಲ್ಕು, ಲಿಸೆ ಮೂರು. ಗ್ರೀಕರು ನಮ್ಮ ಹಾಗೆ ಮೇಲಕ್ಕೆ ಎಣಿಸುತ್ತಾರೆ. ಫ್ರೆಂಚರು ಕೊಲೇಜಿನ ಮೊದಲ ವರ್ಷವನ್ನು ಆರನೆಯದೆಂದು ಕರೆದು, ಅಲ್ಲಿಂದ ಐದು, ನಾಲ್ಕು, ಮೂರು ಎಂದು ಕೆಳಗಿಳಿಯುತ್ತಾರೆ. ಹನ್ನೊಂದು ವರ್ಷದ ಹುಡುಗಿ ಎರಡೂ ಲೆಕ್ಕದಲ್ಲಿ ‘ಆರನೆಯ’ ತರಗತಿಯಲ್ಲೇ ಇರುತ್ತಾಳೆ. ಆದರೆ ಗ್ರೀಕ್ ಲೆಕ್ಕದಲ್ಲಿ ಅವಳು ಪ್ರಾಥಮಿಕ ಶಾಲೆಯ ಹಿರಿಯಳು, ಫ್ರೆಂಚ್ ಲೆಕ್ಕದಲ್ಲಿ ಮಾಧ್ಯಮಿಕ ಶಾಲೆಯ ಕಿರಿಯಳು. ಮರುವರ್ಷ ಫ್ರೆಂಚರ ಲೆಕ್ಕದಲ್ಲಿ ಐದು, ಗ್ರೀಕರ ಲೆಕ್ಕದಲ್ಲಿ ಮತ್ತೆ ಒಂದು.

ಇವೆಲ್ಲ ಅಭ್ಯಾಸವಾದರೆ ಸರಿಹೋಗುವ ಸಂಗತಿಗಳು. ಎರಡು ದೇಶಗಳು ಶಾಲೆಯಿಂದ ಏನನ್ನು ಬಯಸುತ್ತವೆ ಎಂಬಲ್ಲಿ ನಿಜವಾದ ಬಿಕ್ಕಟ್ಟಿದೆ. ಫ್ರಾನ್ಸ್ 1905ರ ಕಾನೂನಿನಿಂದ ಧರ್ಮವನ್ನೂ ಪ್ರಭುತ್ವವನ್ನೂ ಬೇರ್ಪಡಿಸಿತು. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಗುರುತು ಧರಿಸುವುದನ್ನು ನಿಷೇಧಿಸಿತು. ಗ್ರೀಸಿನ ಸಂವಿಧಾನ ಪವಿತ್ರ ತ್ರಯದ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ಆರಂಭವಾಗುತ್ತದೆ. ಅದರ 16ನೇ ವಿಧಿ ರಾಷ್ಟ್ರೀಯ ಹಾಗೂ ಧಾರ್ಮಿಕ ಪ್ರಜ್ಞೆಯನ್ನು ಬೆಳೆಸುವುದನ್ನು ಶಿಕ್ಷಣದ ಗುರಿಗಳಲ್ಲಿ ಸೇರಿಸಿದೆ. ಗ್ರೀಕ್ ಶಾಲೆಗಳಲ್ಲಿ ವರ್ಷದ ಮೊದಲ ದಿನ ಪಾದ್ರಿ ಬಂದು ತೀರ್ಥ ಪ್ರೋಕ್ಷಿಸುವುದು ವಾಡಿಕೆ. ಎರಡೂ ಕಡೆಯ ಪಾಠ ಕಲಿಯುವ ಮಗು ಈ ಎರಡು ನಂಬಿಕೆಗಳ ನಡುವೆ ಓಡಾಡಬೇಕು. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆ ಇರುವುದೂ ಇಲ್ಲದಿರುವುದೂ ಮನುಷ್ಯರು ಕೂತು ತೀರ್ಮಾನಿಸಿದ ವಿಷಯಗಳು ಎಂದು ಚಿಕ್ಕಂದಿನಲ್ಲೇ ಕಾಣುವ ಮಗು ಮುಂದೆ ಯಾವುದನ್ನೂ ಕಣ್ಣುಮುಚ್ಚಿ ಒಪ್ಪುವುದಿಲ್ಲ.

ಚರಿತ್ರೆಯ ಪಾಠಕ್ಕೂ ಇದೇ ಮಾತು. 1827ರ ಅಕ್ಟೋಬರ್ 20ರಂದು ನವರಿನೊ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಾದ ಹಡಗುಗಳು ಆಟೊಮನ್-ಈಜಿಪ್ಟ್ ನೌಕಾಪಡೆಯನ್ನು ನುಚ್ಚುನೂರು ಮಾಡಿದವು. ಗ್ರೀಕ್ ಮಗುವಿಗೆ ಅದು ದೇಶ ಉಳಿದ ದಿನ. ಮಾರ್ಚ್ 25ರ ರಾಷ್ಟ್ರೀಯ ಹಬ್ಬದಂದು ಧ್ವಜ ಹಿಡಿದು ಬೀದಿಯಲ್ಲಿ ಹೆಜ್ಜೆ ಹಾಕುವಾಗ ನೆನೆಯುವ ಸ್ವಾತಂತ್ರ್ಯದ ಕಥೆಯ ಭಾಗ. ಫ್ರಾನ್ಸಿನ ಕಡೆಯಿಂದ ನೋಡಿದರೆ ಅದು ಯುರೋಪಿನ ರಾಜತಂತ್ರದ ಒಂದು ಪ್ರಕರಣ. ಒಂದೇ ಸಮುದ್ರಯುದ್ಧವನ್ನು ಎರಡು ದಡದಿಂದ ಓದಿದವರಿಗೆ ಚರಿತ್ರೆ ಎಂದರೆ ಏನೆಂದು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಗ್ರೀಕರಿಗೆ ಫ್ರೆಂಚ್ ನಿನ್ನೆ ಮೊನ್ನೆಯ ಹುಚ್ಚಲ್ಲ. ನಕ್ಸೋಸ್ ದ್ವೀಪದಲ್ಲಿ ಉರ್ಸುಲಿನ್ ಸಂನ್ಯಾಸಿನಿಯರು ಶತಮಾನಗಳ ಹಿಂದೆಯೇ ಹೆಣ್ಣುಮಕ್ಕಳಿಗೆ ಓದು ಕಲಿಸಲು ನೆಲೆಯೂರಿದ್ದರು. ಆಮೇಲೆ ತಿನೋಸ್ ದ್ವೀಪದಲ್ಲೂ ಅವರ ಶಾಲೆ ಬಂತು. ಅಥೆನ್ಸಿನ ಲಿಯೊಂತಿಯೊ ಶಾಲೆ ತನ್ನ ಆರಂಭವನ್ನು 1838ರಿಂದ ಎಣಿಸುತ್ತದೆ. ಥೆಸಲೊನೀಕಿಯ ಕಥೆ ಬೇರೆ. 1860ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಅಲಿಯಾನ್ಸ್ ಇಸ್ರಾಯೆಲಿತ್ ಎಂಬ ಸಂಸ್ಥೆ 1873ರಲ್ಲಿ ಅಲ್ಲಿ ಶಾಲೆ ತೆರೆದು, ಮನೆಯಲ್ಲಿ ಲದೀನೊ ಆಡುತ್ತಿದ್ದ ಯಹೂದಿ ಮಕ್ಕಳಿಗೆ ಫ್ರೆಂಚಿನಲ್ಲಿ ಪಾಠ ಹೇಳಿತು. ಆ ಮಕ್ಕಳು ಬೆಳೆದು ವ್ಯಾಪಾರಿಗಳಾಗಿ, ವೈದ್ಯರಾಗಿ ಪಟ್ಟಣದ ಪೇಟೆಯಲ್ಲಿ ಫ್ರೆಂಚನ್ನು ನೆಲೆಗೊಳಿಸಿದರು. 1943ರಲ್ಲಿ ನಾಜಿಗಳು ಆ ಸಮುದಾಯದ ಬಹುಪಾಲು ಜನರನ್ನು ರೈಲಿಗೆ ತುಂಬಿ ಔಶ್ವಿಟ್ಜಿಗೆ ಒಯ್ದರು. ಶಾಲೆಯೊಂದು ತಲೆಮಾರುಗಳಿಂದ ಬೆಳೆಸಿದ್ದ ಭಾಷೆ ಕೆಲವೇ ತಿಂಗಳಲ್ಲಿ ಆ ಪೇಟೆಯಿಂದ ಬಹುಮಟ್ಟಿಗೆ ಮರೆಯಾಯಿತು.

1945ರ ಡಿಸೆಂಬರ್‌ನಲ್ಲಿ, ಅಂತರ್ಯುದ್ಧ ಹೊಸ್ತಿಲಲ್ಲಿ ನಿಂತಿದ್ದಾಗ, ಅಥೆನ್ಸಿನ ಫ್ರೆಂಚ್ ಸಂಸ್ಥೆಯ ಒಕ್ತಾವ್ ಮೆರ್ಲಿಯೆ ಮತ್ತು ರೊಜೆ ಮಿಲಿಯೆಕ್ಸ್ ನೂರಕ್ಕೂ ಹೆಚ್ಚು ಯುವಕ ಯುವತಿಯರಿಗೆ ವಿದ್ಯಾರ್ಥಿವೇತನ ದೊರಕಿಸಿ ಮಟರೋವಾ ಎಂಬ ಹಡಗು ಹತ್ತಿಸಿದರು. ಪಿರೇಯಸ್ ಬಂದರಿನಿಂದ ಇಟಲಿಗೆ, ಅಲ್ಲಿಂದ ಪ್ಯಾರಿಸಿಗೆ. ತತ್ತ್ವಚಿಂತಕರಾದ ಕೊರ್ನೆಲಿಯುಸ್ ಕಸ್ತೊರಿಯಾದಿಸ್, ಕೊಸ್ತಾಸ್ ಅಕ್ಸೆಲೊಸ್ ಆ ಹಡಗಿನಲ್ಲಿದ್ದರು. ತಮ್ಮ ಮುಖ್ಯ ಗ್ರಂಥಗಳನ್ನು ಅವರು ಫ್ರೆಂಚಿನಲ್ಲೇ ಬರೆದರು.

ಇನ್ನು ಕಲಿಕೆಯ ವಿಷಯ. ಎರಡು ಭಾಷೆ ಹೇಳಿಕೊಟ್ಟರೆ ಮಗುವಿನ ತಲೆಯಲ್ಲಿ ಎರಡೂ ಅರ್ಧರ್ಧವಾಗುತ್ತವೆ ಎಂಬ ಭಯ ತಂದೆತಾಯಿಗೆ ಇದ್ದೇ ಇರುತ್ತದೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮುಂದಿಟ್ಟ ವಿಚಾರ ಈ ಭಯಕ್ಕೆ ಒಂದು ಉತ್ತರ. ಒಂದು ಭಾಷೆಯಲ್ಲಿ ಭಿನ್ನರಾಶಿಯನ್ನು ಅರ್ಥಮಾಡಿಕೊಂಡ ಮಗು ಇನ್ನೊಂದರಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ; ಆಳದಲ್ಲಿರುವ ತಿಳಿವು ಎರಡಕ್ಕೂ ಸಲ್ಲುತ್ತದೆ. ಆದರೆ ಅವರೇ ಇನ್ನೊಂದನ್ನೂ ತೋರಿಸಿದರು. ಆಟದ ಬಯಲಿನ ಮಾತು ಒಂದೆರಡು ವರ್ಷದಲ್ಲಿ ಬರುತ್ತದೆ. ಪಾಠ ಓದಿ, ವಾದಿಸಿ, ಬರೆಯುವಷ್ಟು ಭಾಷೆ ಬರಲು ಐದರಿಂದ ಏಳು ವರ್ಷ ಬೇಕು. ನರ್ಸರಿಯಿಂದಲೇ ಆರಂಭಿಸುವ ಶಾಲೆಯ ಬಲ ಇರುವುದು ಇಲ್ಲಿ. ಅದಕ್ಕೆ ಹದಿನೈದು ವರ್ಷಗಳ ವ್ಯವಧಾನವಿದೆ.

ಅದಕ್ಕಿಂತ ಮುಖ್ಯವಾದದ್ದು, ಎರಡೂ ಭಾಷೆಗೆ ಕೆಲಸವಿರಬೇಕು ಎನ್ನುವುದು. ಗ್ರೀಕನ್ನು ವಾರಕ್ಕೆ ಕೆಲವು ಪೀರಿಯಡ್ಡಿನ ವಿಷಯವಾಗಿ ಕೂರಿಸಿ ಗಣಿತ, ಚರಿತ್ರೆ, ವಿಜ್ಞಾನವನ್ನೆಲ್ಲ ಫ್ರೆಂಚಿಗೇ ಒಪ್ಪಿಸಿದರೆ, ಗ್ರೀಕ್ ಮನೆ ಮತ್ತು ಹಬ್ಬದ ಭಾಷೆಯಾಗಿಯೇ ಉಳಿಯುತ್ತದೆ. ಕರ್ನಾಟಕದಲ್ಲಿ 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ನಾವು ಜಗಳವಾಡಿದ್ದು ಇಂಗ್ಲಿಷ್ ಬೇಕೋ ಬೇಡವೋ ಎಂದು. ಅದೇ ತರಗತಿಯಲ್ಲಿ ಕನ್ನಡ ಯಾವ ವಿಷಯದ ಹೊಣೆ ಹೊರುತ್ತದೆ ಎಂಬ ಪ್ರಶ್ನೆಯನ್ನು ನಾವು ಗಟ್ಟಿಯಾಗಿ ಕೇಳಲಿಲ್ಲ.

ಕೆಲಸವಿಲ್ಲದ ಭಾಷೆಗೆ ಏನಾಗುತ್ತದೆ ಎಂಬುದನ್ನು ಕಾದಂಬರಿಕಾರ ವಾಸಿಲಿಸ್ ಅಲೆಕ್ಸಾಕಿಸ್ ಬದುಕಿ ತಿಳಿದರು. 1943ರಲ್ಲಿ ಅಥೆನ್ಸಿನಲ್ಲಿ ಹುಟ್ಟಿದ ಅವರು ಪತ್ರಿಕೋದ್ಯಮ ಓದಲು ಫ್ರಾನ್ಸಿಗೆ ಹೋದರು. 1967ರಲ್ಲಿ ಗ್ರೀಸಿನಲ್ಲಿ ಸೇನಾಡಳಿತ ಬಂದ ಮೇಲೆ ಫ್ರಾನ್ಸಿನಲ್ಲೇ ನೆಲೆಸಿ ಮೊದಲ ಕಾದಂಬರಿಗಳನ್ನು ಫ್ರೆಂಚಿನಲ್ಲಿ ಬರೆದರು. ಗ್ರೀಕ್ ತನ್ನಿಂದ ಜಾರಿಹೋಗುತ್ತಿದೆ ಎಂದು ಅರಿವಾದಾಗ ಹಟ ಹಿಡಿದು ‘ತಾಲ್ಗೊ’ ಕಾದಂಬರಿಯನ್ನು ಗ್ರೀಕಿನಲ್ಲಿ ಬರೆದರು. ಆಮೇಲೆ ಪುಸ್ತಕಗಳನ್ನು ಒಂದರಲ್ಲಿ ಬರೆದು ಇನ್ನೊಂದಕ್ಕೆ ತಾವೇ ತರುವುದು ಅವರ ರೂಢಿಯಾಯಿತು. ಮಾತೃಭಾಷೆಯನ್ನೇ ಹೆಸರಾಗಿಟ್ಟುಕೊಂಡ ಅವರ ಕಾದಂಬರಿಗೆ 1995ರಲ್ಲಿ ಫ್ರಾನ್ಸಿನ ಮೆದಿಸಿಸ್ ಪ್ರಶಸ್ತಿ ಬಂತು.

ಹದಿನೈದು, ಹದಿನಾರರ ವಯಸ್ಸಿಗೆ ದಾರಿ ಕವಲಾಗುತ್ತದೆ. ಒಂದು ಕಡೆ ನೆಪೋಲಿಯನ್ 1808ರಲ್ಲಿ ಆರಂಭಿಸಿದ ಬಾಕಲೊರೆಯಾ ಪರೀಕ್ಷೆ. ಅದರಲ್ಲಿ ತತ್ತ್ವಶಾಸ್ತ್ರದ ಪ್ರಶ್ನೆಗೆ ನಾಲ್ಕು ಗಂಟೆ ಕೂತು ಬರೆಯಬೇಕು. ಇನ್ನೊಂದು ಕಡೆ ಗ್ರೀಸಿನ ವಿಶ್ವವಿದ್ಯಾಲಯಗಳ ಬಾಗಿಲಾದ ಪನೆಲಾದಿಕೆಸ್. ನಾಲ್ಕು ವಿಷಯಗಳ ಅಂಕವೇ ಸೀಟು ನಿರ್ಧರಿಸುತ್ತದೆ. ಅದಕ್ಕಾಗಿ ಗ್ರೀಕ್ ಮಕ್ಕಳು ಸಂಜೆಯೆಲ್ಲ ‘ಫ್ರೊಂತಿಸ್ತಿರಿಯೊ’ ಎಂಬ ಕೋಚಿಂಗ್ ಕೇಂದ್ರಗಳಲ್ಲಿ ಕಳೆಯುತ್ತಾರೆ. ಸಿಇಟಿ, ನೀಟ್ ಕಂಡ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ. ಎರಡರಲ್ಲಿ ಯಾವ ಪರೀಕ್ಷೆ ಎಂಬ ತೀರ್ಮಾನ ಎಷ್ಟೋ ಸಲ ಮುಂದೆ ಯಾವ ದೇಶದಲ್ಲಿ ಓದು ಎಂಬ ತೀರ್ಮಾನವೂ ಆಗಿಬಿಡುತ್ತದೆ.

ಇಂಥ ಎರಡು ಭಾಷೆಯ ಶಾಲೆಗಳಿಗೆ ಶುಲ್ಕವಿದೆ. ಎಲ್ಲರ ಕೈಗೆ ಎಟಕುವಂಥದ್ದಲ್ಲ. ಗ್ರೀಸ್ 2006ರಿಂದ ಫ್ರೆಂಚ್ ಭಾಷಿಕ ದೇಶಗಳ ಒಕ್ಕೂಟದ ಪೂರ್ಣ ಸದಸ್ಯ. ಆದರೂ ಅದರ ಸರ್ಕಾರಿ ಶಾಲೆಯ ಮಗುವಿಗೆ ಫ್ರೆಂಚ್ ಸಿಗುವುದು ಐದನೇ ತರಗತಿಯಲ್ಲಿ, ಅದೂ ಜರ್ಮನ್ನಿಗೆ ಎದುರಾಗಿ, ಎರಡನೇ ವಿದೇಶಿ ಭಾಷೆಯಾಗಿ. ಆ ಮಗು ಕ್ರಿಯಾಪದಗಳ ಪಟ್ಟಿ ಉರುಹೊಡೆಯುತ್ತದೆ; ಆ ಭಾಷೆಯಲ್ಲಿ ಒಂದು ನದಿಯ ಬಗ್ಗೆಯಾಗಲಿ, ಒಂದು ಪ್ರಯೋಗದ ಬಗ್ಗೆಯಾಗಲಿ ಕಲಿಯುವುದಿಲ್ಲ. ಫ್ರೆಂಚ್ ಸಂಸ್ಥೆಗಳೂ ಗ್ರೀಕ್ ಶಿಕ್ಷಣ ಇಲಾಖೆಯೂ ಸೇರಿ ಸರ್ಕಾರಿ ಗಿಮ್ನಾಸಿಯೊಗಳಲ್ಲಿ ಭೂಗೋಳವನ್ನೋ ವಿಜ್ಞಾನವನ್ನೋ ವಾರಕ್ಕೆರಡು ಗಂಟೆ ಫ್ರೆಂಚಿನಲ್ಲಿ ಹೇಳಿಕೊಡಲು ಮೇಷ್ಟ್ರುಗಳನ್ನು ತಯಾರು ಮಾಡಲಿ. ಅಯಿಯಾ ಪರಸ್ಕೆವಿಯ ಶಾಲೆಯಲ್ಲಿ ಅಂಥ ಅನುಭವಸ್ಥರಿದ್ದಾರೆ. ತರಬೇತಿಯನ್ನು ಅಲ್ಲಿಂದಲೇ ಆರಂಭಿಸಬಹುದು.