ಆರನೇ ವಾರದ ಅಳು

ಹುಟ್ಟಿದ ಎರಡನೇ ವಾರದಿಂದ ಹೆಚ್ಚುತ್ತ ಹೋಗುವ ಕೂಸಿನ ಅಳು ಸುಮಾರು ಆರನೇ ವಾರದಲ್ಲಿ ತುತ್ತತುದಿಗೇರಿ, ಮೂರ್ನಾಲ್ಕು ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆಂಬುದನ್ನು ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ, ಎಂಬತ್ತು ತಾಯಂದಿರು ಬರೆದಿಟ್ಟ ದಿನಚರಿಗಳ ಆಧಾರದಿಂದ ತೋರಿಸಿದರು. ಹೀಗೆ ತಾನಾಗಿ ಇಳಿದ ಅಳುವಿನ ಕೀರ್ತಿ ನಮ್ಮ ಮನೆಗಳಲ್ಲಿ ದೃಷ್ಟಿ ತೆಗೆದದ್ದಕ್ಕೋ, ಬಜೆ ತೇಯ್ದು ನೆಕ್ಕಿಸಿದ್ದಕ್ಕೋ, ಗ್ರೈಪ್ ವಾಟರಿಗೋ ಸಲ್ಲುತ್ತದೆ. ಆದರೆ ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ಬಾಡಿಗೆ ಕೋಣೆಗಳಲ್ಲಿ ನೆಲೆಸಿ, ಪಾಳಿಯಲ್ಲಿ ದುಡಿಯುವ ದಂಪತಿಗಳಿಗೆ ಕೂಸನ್ನು ಎತ್ತಿಕೊಳ್ಳಲು ಅಜ್ಜಿಯ ಕೈ ಇರುವುದಿಲ್ಲ. 'ಎತ್ತಿ ಎತ್ತಿ ಅಭ್ಯಾಸ ಮಾಡಿಸಬೇಡಿ' ಎಂಬ ಊರಿನ ಎಚ್ಚರಿಕೆ ಮಾತ್ರ ಫೋನಿನಲ್ಲಿ ತಲುಪುತ್ತದೆ. ಎಳೆಯ ತಿಂಗಳುಗಳ ಮಟ್ಟಿಗೆ ಈ ಎಚ್ಚರಿಕೆಗೆ ಆಧಾರವಿಲ್ಲ. ಕೆನಡಾದ ಹನ್ಜಿಕರ್ ಮತ್ತು ಬಾರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರನೇ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು.

ಇದರ ಹಿಂದಿನ ಶರೀರಕ್ರಿಯೆಯನ್ನು ಆಗ ಜಪಾನಿನ ರಿಕೆನ್ ಸಂಸ್ಥೆಯಲ್ಲಿದ್ದ ಕುಮಿ ಕುರೋಡಾ ಅವರ ತಂಡ ಅತ್ಯಂತ ಸೊಗಸಾಗಿ ಬಿಡಿಸಿಟ್ಟಿದೆ. ತಾಯಿ ಎತ್ತಿಕೊಂಡು ನಡೆಯತೊಡಗಿದೊಡನೆ ಕೂಸಿನ ಮೈ ಸಡಿಲಗೊಂಡು, ಹೃದಯದ ಬಡಿತ ನಿಧಾನವಾಗುತ್ತದೆ. ತಾಯಿ ಇಲಿ ಬಾಯಲ್ಲಿ ಕಚ್ಚಿ ಸಾಗಿಸುವ ಮರಿಯಲ್ಲೂ ಇದೇ ಬದಲಾವಣೆ ಕಂಡುಬಂದಿತೆಂದು 2013ರಲ್ಲಿ ಈ ತಂಡ ವರದಿ ಮಾಡಿತು. 2022ರ ಅಧ್ಯಯನದಲ್ಲಿ, ಎತ್ತಿಕೊಂಡು ಕುಳಿತರಷ್ಟೇ ಅಳು ತಗ್ಗಲಿಲ್ಲ. ಐದು ನಿಮಿಷ ನಡೆದಾಗ ತಗ್ಗಿತು, ತೂಗುವ ತೊಟ್ಟಿಲಿನಲ್ಲೂ ತಗ್ಗಿತು. ಸೀರೆಯ ಜೋಲಿ ಕಟ್ಟಿ ಮೆಲ್ಲಗೆ ತೂಗುವ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಮಲಗಿಸುವಾಗ ಕೂಸನ್ನು ಎಚ್ಚರಗೊಳಿಸುವುದು ಹಾಸಿಗೆಯ ಸ್ಪರ್ಶವಲ್ಲ, ತಾಯಿಯ ಮೈಯಿಂದ ಬಿಡಿಸಿಕೊಳ್ಳುವ ಕ್ಷಣ. ಆದ್ದರಿಂದ ನಿದ್ದೆ ಹತ್ತಿದ ಮೇಲೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು, ನಂತರ ಮಲಗಿಸಬೇಕೆಂದು ತಂಡ ಸೂಚಿಸುತ್ತದೆ. ರೋಸಿಹೋಗಿ ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಜ್ವರವಿದ್ದರೆ ಅಥವಾ ಹಾಲು ಕುಡಿಯದಿದ್ದರೆ ವೈದ್ಯರನ್ನೇ ಕಾಣಬೇಕು.

ಹೀಗೆ ನಡೆಯಲು, ಕುಳಿತಿರಲು ಮನೆಯಲ್ಲಿ ಒಬ್ಬರಿಗೆ ಬಿಡುವಿರಬೇಕಾಗುತ್ತದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು ಮೊದಲೆರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು ತಂದುದರಿಂದ, ಆರನೇ ವಾರದ ಅಳು ತಾಯಿ ಮನೆಯಲ್ಲಿರುವಾಗಲೇ ಬಂದು ಹೋಗುತ್ತದೆ. ರಜೆ ಮುಗಿದ ಮೇಲೆ, ಐವತ್ತಕ್ಕೆ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದೆಂದೂ ಅದೇ ತಿದ್ದುಪಡಿ ಹೇಳಿತು.